ಈಜು ಬಾರದ ನಾವು ಅಂಡಮಾನ್‌ಗೆ ಹೋಗಬಹುದಾ?

ಪ್ರಶ್ನೆ: ನಾವು ತಿಪಟೂರಿನ ಐದು ಜನ ಗೆಳೆಯರು, ಪಿಯುಸಿಯಿಂದ ಜೊತೆಗಿದ್ದೇವೆ. ಎಲ್ಲರಿಗೂ ಐವತ್ತರ ಆಸುಪಾಸು. ಒಬ್ಬನದು ಕೊಬ್ಬರಿ ಮಂಡಿ, ಒಬ್ಬ ಹೈಸ್ಕೂಲ್ ಮೇಷ್ಟ್ರು, ನನ್ನದು ಹಾರ್ಡ್‌ವೇರ್ ಅಂಗಡಿ, ಇನ್ನಿಬ್ಬರು ತೋಟ ನೋಡಿಕೊಂಡಿದ್ದಾರೆ. 'ಯಾವುದಾದರೂ ದ್ವೀಪಕ್ಕೆ ಹೋಗಿ ನಾಲ್ಕು ದಿನ ಸುಮ್ನೆ ಬಿದ್ದಿರೋಣ' ಅಂತ ವರ್ಷಗಳಿಂದ ಮಾತು. ಈ ಸಲ ಅಂಡಮಾನ್ ಅಂತ ತೀರ್ಮಾನಿಸಿದ್ದೇವೆ. ಏಜೆಂಟ್ ಒಬ್ಬರು ಐದು ರಾತ್ರಿ, ಆರು ಹಗಲಿನ ಪ್ಯಾಕೇಜ್ ಕೊಟ್ಟಿದ್ದಾರೆ. ರಾಜಧಾನಿ ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್, ನೀಲ್, ಬಾರಾಟಾಂಗ್ ದ್ವೀಪಗಳು ಎಲ್ಲಾ ಇದೆ. ಮನೆಯವರು ಸುನಾಮಿ, ಮೊಸಳೆ ಅಂತ ಹೆದರಿದ್ದಾರೆ. ನಮ್ಮಲ್ಲಿ ಒಬ್ಬನಿಗೆ ಮಾತ್ರ ಈಜು ಬರುತ್ತೆ, ಅದೂ ಬಾವಿಯಲ್ಲಿ ಕಲಿತದ್ದು. ಇಬ್ಬರಿಗೆ ಸ್ಕೂಬಾ, ಅಂದರೆ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವ ಹುಚ್ಚು. ಅವರಲ್ಲಿ ಒಬ್ಬನಿಗೆ ಬಿಪಿ, ಶುಗರ್ ಎರಡೂ ಇದೆ. ಮೇಷ್ಟ್ರಿಗೆ ಬಸ್ಸಿನಲ್ಲೇ ವಾಂತಿ ಬರುತ್ತೆ, ಅವರಿಗೆ ರಜೆ ಸಿಗೋದೂ ಬೇಸಿಗೆಯಲ್ಲಿ, ಇಲ್ಲ ದಸರಾದಲ್ಲಿ. ಲಕ್ಷದ್ವೀಪ, ಮಾಲ್ಡೀವ್ಸ್ ಕೂಡ ಯೋಚಿಸಿದ್ದೆವು. ಏನು ಮಾಡೋಣ ಹೇಳಿ ಸಾರ್.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಇವೆ. ಒಂದನ್ನು ನೀವೇ ಬರೆದಿದ್ದೀರಿ. ಈಜು ಬಾರದ, ಅರ್ಧ ಆಯಸ್ಸು ಕಳೆದ ನಾವು ಸಮುದ್ರದ ನಡುವೆ ಹೋದರೆ ಏನಾದರೂ ಆಗಿಬಿಡುತ್ತದಾ ಅನ್ನುವುದು. ಇನ್ನೊಂದನ್ನು ಬರೆದಿಲ್ಲ, ಆದರೆ ಪ್ಯಾಕೇಜ್ ಓದಿದ ತಕ್ಷಣ ನನಗೆ ಕಂಡದ್ದು ಅದೇ. ನಾಲ್ಕು ದಿನ ಸುಮ್ನೆ ಬಿದ್ದಿರಬೇಕು ಅಂತ ಹೊರಟವರಿಗೆ ಇದರಲ್ಲಿ ಸುಮ್ನೆ ಬಿದ್ದಿರಲು ಅರ್ಧ ದಿನವೂ ಇಲ್ಲ. ತುಮಕೂರಿನಿಂದ ಗುಂಪುಗಳನ್ನು ಅಂಡಮಾನ್‌ಗೆ ಕರೆದುಕೊಂಡು ಹೋಗುವುದು ನನ್ನ ಕೆಲಸ. ಹೊರಡುವ ಮುಂಚೆ ಜನ ಕೇಳುವುದು ಮೊದಲನೆಯದನ್ನು, ಅಲ್ಲಿ ಹೋದ ಮೇಲೆ ಒದ್ದಾಡುವುದು ಎರಡನೆಯದರಿಂದ.

ಹೋಗಬಹುದು, ಧಾರಾಳವಾಗಿ ಹೋಗಿ. ಆದರೆ ಈ ಪ್ಯಾಕೇಜ್‌ನಲ್ಲಿ ಅಲ್ಲ.

ಮೊದಲು ಮನೆಯವರ ಭಯ. 2004ರ ಡಿಸೆಂಬರ್ 26ರ ಸುನಾಮಿ ಸುಮಾತ್ರಾ ಬಳಿ ಆದ 9.1ರ ಭೂಕಂಪದಿಂದ ಎದ್ದದ್ದು. ಈ ದ್ವೀಪಗಳಲ್ಲಿ ಹೆಚ್ಚು ಸಾವುನೋವು ಆದದ್ದು ದಕ್ಷಿಣದ ನಿಕೋಬಾರ್ ಕಡೆ. ನೀವು ಹೋಗುವ ಜಾಗಗಳು ಅದಕ್ಕಿಂತ ಎಷ್ಟೋ ಉತ್ತರಕ್ಕಿವೆ. ಆ ದಿನ ಮುನ್ನೆಚ್ಚರಿಕೆ ಕೊಡುವ ವ್ಯವಸ್ಥೆಯೇ ನಮ್ಮಲ್ಲಿ ಇರಲಿಲ್ಲ. 2007ರಿಂದ ಹೈದರಾಬಾದಿನಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಕೆಲಸ ಮಾಡುತ್ತಿದೆ. ಹಾಗಂತ ಅದು ಭೂಕಂಪ ಆಗದ ಜಾಗ ಅಂತಲ್ಲ. ತಿಳಿದಿರಬೇಕಾದ್ದು ಇಷ್ಟೇ: ದಡದಲ್ಲಿದ್ದಾಗ ನೆಲ ಜೋರಾಗಿ, ತುಂಬಾ ಹೊತ್ತು ನಡುಗಿದರೆ, ಇಲ್ಲವೇ ಸಮುದ್ರ ಇದ್ದಕ್ಕಿದ್ದಂತೆ ದೂರ ಸರಿದರೆ, ವಿಡಿಯೊ ಮಾಡುತ್ತಾ ನಿಲ್ಲದೆ ಎತ್ತರದ ಕಡೆ ನಡೆಯಿರಿ. ಸೈರನ್‌ಗೂ ಕಾಯಬೇಡಿ.

ಮೊಸಳೆ ಸುಳ್ಳಲ್ಲ. ಉಪ್ಪುನೀರಿನ ಮೊಸಳೆ ಅಲ್ಲಿದೆ. 2010ರಲ್ಲಿ ಹ್ಯಾವ್‌ಲಾಕ್‌ನಲ್ಲಿ ನೀರಿಗಿಳಿದಿದ್ದ ಒಬ್ಬ ಪ್ರವಾಸಿಯನ್ನು ಅದು ಕೊಂದಿದೆ. ಅದರ ಮನೆ ಅಂದರೆ ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕೊಲ್ಲಿಗಳು, ಹಳ್ಳ ಸಮುದ್ರ ಸೇರುವ ಜಾಗ. ಬೀಚ್‌ನಲ್ಲಿ ಎಚ್ಚರಿಕೆಯ ಬೋರ್ಡ್ ಹಾಕಿರುತ್ತಾರೆ, ಕೆಲವು ಕಡೆ ನೀರಿಗೆ ಇಳಿಯುವುದನ್ನೇ ನಿಲ್ಲಿಸಿರುತ್ತಾರೆ. ಬೋರ್ಡ್ ಪಕ್ಕದಲ್ಲೇ ನಿಂತು 'ಏನೂ ಆಗಲ್ಲ ಬಾರೋ' ಅನ್ನುವ ಒಬ್ಬ ಪ್ರತಿ ಗುಂಪಿನಲ್ಲೂ ಇರುತ್ತಾನೆ. ನಿಮ್ಮಲ್ಲಿ ಅವನು ಯಾರು ಅಂತ ನಿಮಗೇ ಗೊತ್ತಿರುತ್ತದೆ, ಅಲ್ವಾ? ಅವನ ಮೇಲೊಂದು ಕಣ್ಣಿಡಿ. ಲೈಫ್‌ಗಾರ್ಡ್ ಇರುವ ಜಾಗದಲ್ಲಿ, ಬೆಳಕಿರುವಾಗ, ಜನರಿರುವ ಕಡೆ ನೀರಿಗಿಳಿದರೆ ಮೊಸಳೆಯ ಚಿಂತೆ ಬಹುಮಟ್ಟಿಗೆ ಮುಗಿಯಿತು.

ಇನ್ನು ಮನೆಯವರು ಹೆದರದೇ ಇರುವ, ಆದರೆ ನಾನು ಹೆದರುವ ಸಂಗತಿಗೆ ಬರುತ್ತೇನೆ. ನನಗೆ ಈಜು ಬಾರದ ನಾಲ್ವರ ಚಿಂತೆ ಕಡಿಮೆ. ಅವರು ಮೊಣಕಾಲು ನೀರು ದಾಟುವುದಿಲ್ಲ. ಚಿಂತೆ ಆ ಬಾವಿ ಈಜಿನ ಗೆಳೆಯರದು. ನಮ್ಮ ಕಡೆ ಬಾವಿಯಲ್ಲಿ ಈಜು ಕಲಿತವರಿಗೆ ದಮ್ಮು ಇರುತ್ತದೆ, ಧೈರ್ಯ ಅದಕ್ಕಿಂತ ಜಾಸ್ತಿ ಇರುತ್ತದೆ. ಆದರೆ ಬಾವಿ ನೀರು ನಿಂತ ನೀರು. ನಾಲ್ಕು ಮಾರು ಹೋದರೆ ಕೈಗೆ ಕಟ್ಟೆ ಸಿಗುತ್ತದೆ. ಸಮುದ್ರದಲ್ಲಿ ದಡಕ್ಕೆ ಬಂದ ಅಲೆಗಳ ನೀರೆಲ್ಲಾ ವಾಪಸ್ ಹೋಗಬೇಕಲ್ಲ, ಅದು ಕೆಲವು ಕಡೆ ಒಂದೇ ಕಿರಿದಾದ ದಾರಿಯಲ್ಲಿ ಸೇರಿಕೊಂಡು ಒಳಕ್ಕೆ ನುಗ್ಗುತ್ತದೆ. ಕೆರೆಯ ತೂಬು ಎತ್ತಿದಾಗ ಸುತ್ತಲ ನೀರು ಆ ಕಡೆಗೇ ಎಳೆಯುತ್ತದಲ್ಲ, ಹಾಗೆ. ದಡದಲ್ಲಿ ನಿಂತು ಐದು ನಿಮಿಷ ನೋಡಿದರೆ ಈ ಸೆಳೆತ ಕಾಣುತ್ತದೆ. ಎರಡೂ ಬದಿಯಲ್ಲಿ ಅಲೆ ಬಿಳಿ ನೊರೆಯಾಗಿ ಒಡೆಯುತ್ತಿರುತ್ತದೆ, ನಡುವೆ ಒಂದು ಪಟ್ಟಿ ಮಾತ್ರ ಅಲೆಯಿಲ್ಲದೆ, ಸ್ವಲ್ಪ ಗಾಢ ಬಣ್ಣದಲ್ಲಿ ಶಾಂತವಾಗಿರುತ್ತದೆ. ಹೊಸಬರು 'ಇಲ್ಲಿ ಅಲೆ ಇಲ್ಲ' ಅಂತ ಅಲ್ಲೇ ಇಳಿಯುತ್ತಾರೆ. ಅದೇ ಅಪಾಯದ ಜಾಗ.

ಸೆಳೆತಕ್ಕೆ ಸಿಕ್ಕಿದರೆ ಅದು ನಿಮ್ಮನ್ನು ಕೆಳಕ್ಕೆ ಎಳೆಯುವುದಿಲ್ಲ, ದಡದಿಂದ ದೂರಕ್ಕೆ ಎಳೆಯುತ್ತದೆ. ಒಳ್ಳೆಯ ಈಜುಗಾರರು ಸಾಯುವುದು ದಡದ ಕಡೆಗೇ ನೇರ ಈಜಿ ಈಜಿ ಸುಸ್ತಾಗಿ. ಅದರ ಎದುರು ಈಜಬಾರದು. ದಡಕ್ಕೆ ಸಮಾನಾಂತರವಾಗಿ, ಅಂದರೆ ಎಡಕ್ಕೋ ಬಲಕ್ಕೋ ಈಜಿ ಆ ಪಟ್ಟಿಯಿಂದ ಹೊರಬಂದು, ಆಮೇಲೆ ಅಲೆಯ ಜೊತೆ ದಡಕ್ಕೆ ಬರಬೇಕು. ಅದೂ ಆಗದಿದ್ದರೆ ಬೆನ್ನ ಮೇಲೆ ಮಲಗಿ ತೇಲಿಕೊಂಡು ಕೈ ಎತ್ತಬೇಕು. ಮಿಕ್ಕ ನಾಲ್ವರು ಅವನನ್ನು ಎಳೆಯಲು ನೀರಿಗೆ ಹಾರಬಾರದು. ಲೈಫ್‌ಗಾರ್ಡ್‌ನನ್ನು ಕೂಗಿ, ತೇಲುವ ಏನನ್ನಾದರೂ ಎಸೆಯಿರಿ.

ಕುಡಿದು ನೀರಿಗೆ ಇಳಿಯಬೇಡಿ. ರೂಮಿನಲ್ಲಿ, ಊಟದ ಹೊತ್ತಿಗೆ ನಿಮ್ಮಿಷ್ಟ, ನಾನು ಅದರ ಬಗ್ಗೆ ಏನೂ ಹೇಳುವುದಿಲ್ಲ. ಬೀಚ್‌ಗೆ ಬಾಟಲಿ ಬರುವ ಗುಂಪಾದರೆ ಮಾತ್ರ ನಾನು ಬುಕಿಂಗ್ ತೆಗೆದುಕೊಳ್ಳುವುದಿಲ್ಲ.

ಸ್ಕೂಬಾ ವಿಷಯದಲ್ಲಿ ಎರಡು ತಪ್ಪು ನಂಬಿಕೆ ಓಡಾಡುತ್ತಿವೆ. ಈಜು ಬಾರದವರು ಮಾಡಲೇಬಾರದು ಅನ್ನುವುದು ಒಂದು, ಯಾರು ಬೇಕಾದರೂ ಮಾಡಬಹುದು ಅನ್ನುವುದು ಇನ್ನೊಂದು. ಮೊದಲ ಸಲದವರಿಗೆ ಮಾಡಿಸುವುದು ಪ್ರಯೋಗದ ಡೈವ್. ಮೊದಲು ಸೊಂಟದ ನೀರಿನಲ್ಲಿ ಉಸಿರಾಟ, ಕೈಸನ್ನೆ ಕಲಿಸುತ್ತಾರೆ. ಆಮೇಲೆ ತರಬೇತುದಾರ ನಿಮ್ಮ ಸಿಲಿಂಡರ್ ಹಿಡಿದುಕೊಂಡೇ ಒಳಗೆ ಕರೆದೊಯ್ಯುತ್ತಾನೆ. ಹೆಚ್ಚೆಂದರೆ 12 ಮೀಟರ್ ಆಳ. ಇದಕ್ಕೆ ಈಜು ಬೇಕಾಗಿಲ್ಲ. ಬೇಕಾದದ್ದು ಗಾಬರಿಯಾಗದ ಮನಸ್ಸು, ಗಟ್ಟಿ ಕಿವಿ, ಶ್ವಾಸಕೋಶ, ಹೃದಯ. ಕೆಳಗೆ ಹೋಗುತ್ತಾ ಕಿವಿ ಒತ್ತುತ್ತದೆ. ಮೂಗು ಹಿಡಿದು ಮೆಲ್ಲಗೆ ಗಾಳಿ ಊದಿ ಸರಿಮಾಡಿಕೊಳ್ಳಬೇಕು. ನೆಗಡಿ ಇದ್ದರೆ ಇದು ಆಗುವುದಿಲ್ಲ, ಬಲವಂತ ಮಾಡಿದರೆ ಕಿವಿತಮಟೆಗೆ ಪೆಟ್ಟು. ಹಾಗಾಗಿ ನೆಗಡಿ ಬಂದವರು ಆ ದಿನ ದಡದಲ್ಲೇ ಇರಲಿ, ದುಡ್ಡು ಹೋದರೂ ಹೋಗಲಿ.

ನೀರಿನೊಳಗೆ ಉಸಿರು ಬಿಗಿಹಿಡಿಯಬೇಡಿ ಅಂತ ಅವರು ಪದೇ ಪದೇ ಹೇಳುತ್ತಾರೆ. ಸುಮ್ನೆ ಹೇಳುವುದಲ್ಲ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಉಸಿರು ಬಿಡದೆ ಸರ್ರನೆ ಮೇಲೆ ಬಂದರೆ ಶ್ವಾಸಕೋಶ ಹರಿಯಬಹುದು.

ಬಿಪಿ, ಶುಗರ್ ಇರುವ ಗೆಳೆಯರಿಗೆ ನನ್ನ ಮಾತು ಸ್ವಲ್ಪ ಬೇಸರ ತರಬಹುದು. ಡೈವ್‌ಗೆ ಮುಂಚೆ ಒಂದು ಆರೋಗ್ಯದ ಫಾರಂ ತುಂಬಿಸುತ್ತಾರೆ. ಅದರಲ್ಲಿ ಬಿಪಿ, ಶುಗರ್, ಆಸ್ತಮಾ, ಹೃದಯದ ತೊಂದರೆ ಎಲ್ಲಾ ಕೇಳುತ್ತಾರೆ. ಹೌದು ಅಂದರೆ ಡಾಕ್ಟರ್ ಪತ್ರ ಬೇಕು. ನಮ್ಮವರು ಎಲ್ಲಕ್ಕೂ 'ಇಲ್ಲ' ಅಂತ ಟಿಕ್ ಹಾಕಿ ಸಹಿ ಮಾಡುವುದನ್ನು ನಾನು ಎದುರಿಗೇ ನೋಡಿದ್ದೇನೆ, ಮಾತ್ರೆಯ ಡಬ್ಬಿ ಜೇಬಿನಲ್ಲಿಟ್ಟುಕೊಂಡು! ನೀರಿನೊಳಗೆ ಶುಗರ್ ಇಳಿದು ತಲೆ ಸುತ್ತಿದರೆ ಪಕ್ಕದವನಿಗೆ ಹೇಳುವ ಬಾಯಿಯೂ ಇರುವುದಿಲ್ಲ. ತಿಪಟೂರಿನಲ್ಲೇ, ಹೊರಡುವ ತಿಂಗಳ ಮುಂಚೆ ನಿಮ್ಮ ಡಾಕ್ಟರ ಹತ್ತಿರ ಮಾತಾಡಿ. ಅವರು ಬೇಡ ಅಂದರೆ ಲೈಫ್ ಜಾಕೆಟ್ ಹಾಕಿಕೊಂಡು ಸ್ನಾರ್ಕಲಿಂಗ್ ಮಾಡಬಹುದಾ ಅಂತಲೂ ಅವರನ್ನೇ ಕೇಳಿ. ಮುಖ ನೀರಿಗಿಟ್ಟು ಮೇಲೆ ತೇಲುವುದು ಅಷ್ಟೇ. ಹ್ಯಾವ್‌ಲಾಕ್‌ನ ಎಲಿಫೆಂಟ್ ಬೀಚ್‌ನಲ್ಲಿ ಹವಳ, ಬಣ್ಣದ ಮೀನು ಅಷ್ಟರಲ್ಲೇ ಕಾಣುತ್ತವೆ. ಶುಗರ್ ಇರುವ ಆ ಗೆಳೆಯರು ಇನ್ನೊಂದು ವಿಷಯವನ್ನೂ ನೋಡಿಕೊಳ್ಳಬೇಕು. ದಡದಲ್ಲಿ ಸತ್ತ ಹವಳದ ಚೂರುಗಳು ಬ್ಲೇಡಿನ ಹಾಗೆ ಕೊಯ್ಯುತ್ತವೆ. ಶುಗರ್ ಇರುವ ಕಾಲಿಗೆ ಗಾಯ ಬೇಡ. ನೀರಿಗೂ ರಬ್ಬರ್ ಅಡಿಯ ಶೂ ಹಾಕಿಕೊಂಡೇ ಇಳಿಯಲಿ. ಇನ್ಸುಲಿನ್ ಇದ್ದರೆ ಕೈಚೀಲದಲ್ಲೇ ಇರಲಿ.

ಡೈವ್ ಮಾಡಿದ ಮೇಲೆ ತಕ್ಷಣ ವಿಮಾನ ಹತ್ತಬಾರದು. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ 18 ಗಂಟೆ ಬಿಡಬೇಕು. ದೇಹದಲ್ಲಿ ಕರಗಿದ ಸಾರಜನಕ ಎತ್ತರದ ಕಡಿಮೆ ಒತ್ತಡದಲ್ಲಿ ಗುಳ್ಳೆಯಾಗುವ ಅಪಾಯ ಅದಕ್ಕೆ ಕಾರಣ. ನಾನು ಪೂರ್ತಿ ಒಂದು ದಿನ ಬಿಡಿಸುತ್ತೇನೆ.

ಮೇಷ್ಟ್ರ ವಾಂತಿಗೆ ಬರೋಣ. ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್‌ಗೆ ಹಡಗಿನಲ್ಲಿ ಒಂದೂವರೆಯಿಂದ ಎರಡೂವರೆ ಗಂಟೆ. ಒಳಗಿವಿ 'ಅಲುಗಾಡುತ್ತಿದ್ದೇವೆ' ಅನ್ನುತ್ತದೆ, ಎದುರಿನ ಸೀಟನ್ನು ನೋಡುತ್ತಿರುವ ಕಣ್ಣು 'ಇಲ್ಲ, ನಿಂತಿದ್ದೇವೆ' ಅನ್ನುತ್ತದೆ. ಈ ಜಗಳದಿಂದಲೇ ಹೊಟ್ಟೆ ತೊಳಸುವುದು. ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಸೀಟು ಕೇಳಿ, ಅಲ್ಲಿ ತೂಗಾಟ ಕಡಿಮೆ. ಮೊಬೈಲ್ ನೋಡಬಾರದು, ಕಿಟಕಿಯಾಚೆ ನೀರು ಆಕಾಶ ಸೇರುವ ಗೆರೆ ನೋಡಬೇಕು. ಖಾಲಿ ಹೊಟ್ಟೆಯೂ ಬೇಡ, ಪೂರಿ ಸಾಗು ತುಂಬಿದ ಹೊಟ್ಟೆಯೂ ಬೇಡ. ಎರಡು ಇಡ್ಲಿ ಸಾಕು. ವಾಂತಿ ತಡೆಯುವ ಮಾತ್ರೆಯನ್ನು ವಾಂತಿ ಶುರುವಾದ ಮೇಲೆ ತೆಗೆದುಕೊಂಡರೆ ಉಪಯೋಗವಿಲ್ಲ. ಡಾಕ್ಟರನ್ನು ಕೇಳಿ, ಹಡಗು ಹತ್ತುವ ಮುಂಚೆಯೇ ನುಂಗಿರಬೇಕು. ನಿದ್ದೆ ಬರಿಸುತ್ತದೆ, ಅದರ ಜೊತೆ ಕುಡಿತ ಕೂಡದು.

ಈಗ ಪ್ಯಾಕೇಜ್. ಅಂಡಮಾನ್‌ಗೆ ಹೋದವರು ಮೊದಲು ಬೇಸ್ತು ಬೀಳುವುದು ಸೂರ್ಯನಿಂದ. ಗಡಿಯಾರ ನಮ್ಮದೇ, ಸೂರ್ಯ ನಮ್ಮವನಲ್ಲ. ತಿಪಟೂರಿಗಿಂತ ಆ ದ್ವೀಪಗಳು ಸುಮಾರು 16 ಡಿಗ್ರಿ ಪೂರ್ವಕ್ಕಿವೆ. ಡಿಗ್ರಿಗೆ 4 ನಿಮಿಷದ ಲೆಕ್ಕದಲ್ಲಿ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚೇ ಮುಂಚೆ ಬೆಳಗಾಗಿ, ಅಷ್ಟೇ ಮುಂಚೆ ಕತ್ತಲಾಗುತ್ತದೆ. ಬೆಳಿಗ್ಗೆ ಐದಕ್ಕೆಲ್ಲಾ ಬಿಸಿಲು ಮೂಡುತ್ತದೆ, ಸಂಜೆ ಐದೂವರೆಗೆ ಮುಳುಗುತ್ತದೆ. ನಿಧಾನಕ್ಕೆ ಎದ್ದು, ಹತ್ತಕ್ಕೆ ತಿಂಡಿ ಮುಗಿಸಿ ಹೊರಡುವ ಗುಂಪಿಗೆ ಕೈಗೆ ಸಿಗುವುದು ಉರಿಬಿಸಿಲು ಮಾತ್ರ. ಹ್ಯಾವ್‌ಲಾಕ್‌ನ ರಾಧಾನಗರ ಬೀಚ್‌ನ ಸೂರ್ಯಾಸ್ತ ನೋಡಬೇಕಾದರೆ ನಾಲ್ಕು ಗಂಟೆಗೆ ಅಲ್ಲಿರಬೇಕು. ಐದಕ್ಕೆ ಎದ್ದು ನೀರಿಗಿಳಿದು, ಮಧ್ಯಾಹ್ನ ಉಂಡು ಮಲಗಿ, ಮತ್ತೆ ಮೂರೂವರೆಗೆ ಹೊರಡುವುದು ಅಲ್ಲಿನ ದಿನಚರಿ. ತೋಟದವರಿಗೆ ಇದು ಕಷ್ಟವಲ್ಲ, ಅಂಗಡಿಯವರಿಗೆ ಸ್ವಲ್ಪ ಕಷ್ಟ.

ನಾನಾದರೆ ನಿಮ್ಮ ಪಟ್ಟಿಯಿಂದ ಬಾರಾಟಾಂಗ್ ಮೊದಲು ತೆಗೆಯುತ್ತೇನೆ. ಸುಣ್ಣದ ಕಲ್ಲಿನ ಗುಹೆ, ಕಾಂಡ್ಲಾ ಕಾಡಿನ ದೋಣಿ ದಾರಿ ಚೆನ್ನಾಗಿವೆ, ಇಲ್ಲ ಅನ್ನಲ್ಲ. ಆದರೆ ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೇ ಎದ್ದು, ಪೊಲೀಸ್ ಕಾವಲಿನ ವಾಹನಗಳ ಸಾಲಿನಲ್ಲಿ ಜಾರವಾ ಆದಿವಾಸಿಗಳ ಕಾಡನ್ನು ದಾಟಿ, ಸಂಜೆ ಸುಸ್ತಾಗಿ ಬರಬೇಕು. ಆ ಕಾಡಿನಲ್ಲಿ ನಿಲ್ಲಿಸುವಂತಿಲ್ಲ, ಫೋಟೊ ತೆಗೆಯುವಂತಿಲ್ಲ. 'ಆದಿವಾಸಿಗಳನ್ನು ನೋಡಬಹುದು' ಅಂತ ಆಸೆ ಹುಟ್ಟಿಸುವ ಏಜೆಂಟ್ ಆದರೆ ಅವರ ಸಹವಾಸವೇ ಬೇಡ. ಜನರನ್ನು ನೋಡಲು ಟಿಕೆಟ್ ಕೊಡುವುದು ನನಗೆ ಒಪ್ಪಿಗೆಯಿಲ್ಲ.

ನೀಲ್ ಕೂಡ ಬಿಡಬಹುದು, ಇದರಲ್ಲಿ ಬೇರೆ ಅಭಿಪ್ರಾಯ ಇರುವವರೂ ಇದ್ದಾರೆ. ಒಂದು ರಾತ್ರಿಗಾಗಿ ಮತ್ತೊಮ್ಮೆ ಮೂಟೆ ಕಟ್ಟಿ, ಹಡಗು ಹತ್ತಿ, ಮೇಷ್ಟ್ರಿಗೆ ಮತ್ತೊಮ್ಮೆ ಮಾತ್ರೆ. ಹೋಗಲೇಬೇಕು ಅಂದರೆ ಉಬ್ಬರ ಇಳಿತದ ಸಮಯ ನೋಡಿ ಹೋಗಿ. ಅಲ್ಲಿ ಪ್ರಕೃತಿಯೇ ಮಾಡಿದ ಕಲ್ಲಿನ ಸೇತುವೆಗೆ ನೀರು ಇಳಿದಾಗ ಮಾತ್ರ ನಡೆಯಲು ಆಗುವುದು, ಭರತಪುರ ಬೀಚ್‌ನಲ್ಲಿ ಅದೇ ಹೊತ್ತಿಗೆ ಸ್ನಾನಕ್ಕೆ ನೀರೇ ಇರುವುದಿಲ್ಲ.

ಹಾಗಾದರೆ ಉಳಿಯುವುದು? ಮೊದಲ ದಿನ ಪೋರ್ಟ್ ಬ್ಲೇರ್, ಮಧ್ಯಾಹ್ನ ಸೆಲ್ಯುಲಾರ್ ಜೈಲು. 1906ರಲ್ಲಿ ಮುಗಿದ ಆ ಕಟ್ಟಡದ ಏಳು ಕೈಗಳಲ್ಲಿ (ವಿಂಗ್‌ಗಳಲ್ಲಿ) ಈಗ ಮೂರು ಉಳಿದಿವೆ. ಆಮೇಲೆ ಹ್ಯಾವ್‌ಲಾಕ್‌ನಲ್ಲಿ ಒಂದೇ ಹೋಟೆಲ್‌ನಲ್ಲಿ ಮೂರು ರಾತ್ರಿ. ಕೊನೆಯ ರಾತ್ರಿ ಮತ್ತೆ ಪೋರ್ಟ್ ಬ್ಲೇರ್. ಹ್ಯಾವ್‌ಲಾಕ್‌ನ ಮೂರು ದಿನಕ್ಕೆ ದಿನಕ್ಕೊಂದೇ ಕೆಲಸ: ಒಂದು ದಿನ ಡೈವ್, ಒಂದು ದಿನ ಎಲಿಫೆಂಟ್ ಬೀಚ್, ಒಂದು ದಿನ ಏನೂ ಇಲ್ಲ. ತೆಂಗಿನ ಮರದ ಕೆಳಗೆ ಮಲಗಲು ತಿಪಟೂರಿನವರು ಅಷ್ಟು ದೂರ ಹೋಗಬೇಕಾ ಅಂತ ನಿಮ್ಮ ಮನೆಯವರು ಕೇಳಿದರೆ ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಅಮಾವಾಸ್ಯೆ ಸಿಕ್ಕರೆ ಬಿಡಬೇಡಿ. ಚಂದ್ರನಿಲ್ಲದ ರಾತ್ರಿ ನೀರಿನಲ್ಲಿ ಕೈಯಾಡಿಸಿದರೆ ಸಣ್ಣ ಜೀವಿಗಳು ನೀಲಿಯಾಗಿ ಮಿನುಗುತ್ತವೆ, ದೋಣಿಯಲ್ಲಿ ಕರೆದುಕೊಂಡು ಹೋಗಿ ತೋರಿಸುತ್ತಾರೆ. ಸಂಜೆ ಮರಳಿನಲ್ಲಿ ಕೂರುವಾಗ ಕಾಲಿಗೆ ಕೊಬ್ಬರಿ ಎಣ್ಣೆಯನ್ನೋ ಕ್ರೀಮನ್ನೋ ಹಚ್ಚಿಕೊಳ್ಳಿ. ಕಣ್ಣಿಗೆ ಕಾಣದಷ್ಟು ಸಣ್ಣ ಮರಳುನೊಣ ಕಚ್ಚಿದರೆ ದಿನಗಟ್ಟಲೆ ಕೆರೆತ.

ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಬೇಕು ಅನ್ನುವುದರಲ್ಲಿ ನಾನು ಹಠಮಾರಿ. ಸಮುದ್ರ ಕೆಟ್ಟರೆ ಹಡಗು ರದ್ದಾಗುತ್ತದೆ, ವಿಮಾನ ನಿಮಗಾಗಿ ಕಾಯುವುದಿಲ್ಲ. ಬೆಳಿಗ್ಗೆ ಹ್ಯಾವ್‌ಲಾಕ್ ಬಿಟ್ಟು ಮಧ್ಯಾಹ್ನದ ವಿಮಾನ ಹಿಡಿಸುವ ಪ್ಯಾಕೇಜ್ ಒಂದು ರಾತ್ರಿಯ ಬಾಡಿಗೆ ಉಳಿಸಿ ಐದು ಜನರ ಟಿಕೆಟ್ಟನ್ನು ಪಣಕ್ಕಿಡುತ್ತದೆ.

ತಿಂಗಳು ಯಾವುದು? ಸಮುದ್ರ ಚೆನ್ನಾಗಿರುವುದು ಜನವರಿಯಿಂದ ಏಪ್ರಿಲ್. ಮುಂಗಾರು ಕೇರಳಕ್ಕೆ ಬರುವ ಮುಂಚೆಯೇ, ಮೇ 20ರ ಸುಮಾರಿಗೆ ಅಂಡಮಾನ್ ಮುಟ್ಟುತ್ತದೆ. ಮೇಷ್ಟ್ರ ಬೇಸಿಗೆ ರಜೆ ನಂಬಿಕೊಂಡರೆ ಏಪ್ರಿಲ್ ಕೊನೆಯ ವಾರ ಹಿಡಿಯಿರಿ. ಸೆಕೆ ಇರುತ್ತದೆ, ಸಮುದ್ರ ಸುಮ್ಮನಿರುತ್ತದೆ. ದಸರಾ ರಜೆಯಲ್ಲಿ ಹೋದರೆ ಮಳೆ, ಬಂಗಾಳ ಕೊಲ್ಲಿಯ ಚಂಡಮಾರುತ, ರದ್ದಾದ ಹಡಗು ಎಲ್ಲಕ್ಕೂ ತಯಾರಿರಬೇಕು. ನಾನು ಬೇಡ ಅನ್ನುತ್ತೇನೆ.

ಲಕ್ಷದ್ವೀಪಕ್ಕೆ ಅನುಮತಿ ಪತ್ರ ಬೇಕು, ಅದಕ್ಕೆ ಓಡಾಟ ಇದೆ, ರೂಮುಗಳು ಕಡಿಮೆ. ಅಲ್ಲಿನ ಬಂಗಾರಂ ದ್ವೀಪ ಬಿಟ್ಟರೆ ಮದ್ಯವೂ ಇಲ್ಲ. ನೀರು ಮಾತ್ರ ಅಂಡಮಾನ್‌ಗಿಂತ ಚೆಂದ. ಮಾಲ್ಡೀವ್ಸ್‌ಗೆ ಪಾಸ್‌ಪೋರ್ಟ್ ಇದ್ದರೆ ಇಳಿದ ಮೇಲೆ ವೀಸಾ ಕೊಡುತ್ತಾರೆ. ರೆಸಾರ್ಟ್ ದ್ವೀಪ ದುಬಾರಿ, ಊರಿನ ದ್ವೀಪ ಅಗ್ಗ, ಆದರೆ ಅಲ್ಲಿ ಸಸ್ಯಾಹಾರಿಗಳಿಗೆ ಕಷ್ಟ. ಅಂಡಮಾನ್‌ನಲ್ಲಿ ತಮಿಳರು, ತೆಲುಗರು ಬೇಕಾದಷ್ಟು ಇರುವುದರಿಂದ ಇಡ್ಲಿ, ಸಾಂಬಾರ್‌ಗೆ ಚಿಂತೆಯಿಲ್ಲ. ಸ್ಕೂಬಾ ಒಂದೇ ಮುಖ್ಯ ಅಂದರೆ ಮುರುಡೇಶ್ವರದ ಆಚೆ ನೇತ್ರಾಣಿ ದ್ವೀಪವಿದೆ, ರಾತ್ರಿ ಹೊರಟರೆ ಬೆಳಿಗ್ಗೆ ಅಲ್ಲಿರಬಹುದು. ಮಳೆಗಾಲದಲ್ಲಿ ಮಾತ್ರ ಮುಚ್ಚಿರುತ್ತದೆ.

ಇನ್ನು ಸಣ್ಣಪುಟ್ಟದ್ದು. ತಿಪಟೂರಿನಿಂದ ದೇವನಹಳ್ಳಿಗೆ ಬೆಂಗಳೂರು ಒಳಗೆ ಹೋಗಬೇಡಿ. ಡಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಹೋಗಿ. ಟಿಕೆಟ್‌ನಲ್ಲಿ ಶ್ರೀ ವಿಜಯಪುರಂ, ಸ್ವರಾಜ್ ದ್ವೀಪ್ ಅಂತಿದ್ದರೆ ಗಾಬರಿ ಬೇಡ, ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್‌ಗಳ ಹೊಸ ಹೆಸರು ಅವು. ಮಂಡಿಯ ಗೆಳೆಯರು ಪ್ರೀತಿಯಿಂದ ಕೊಬ್ಬರಿ ಗಿಟುಕು ಕಟ್ಟಿಕೊಂಡು ಬಂದಾರು, ಬೇಡ ಅನ್ನಿ. ಎಣ್ಣೆ ಅಂಶದಿಂದ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲ ವಸ್ತು ಅಂತ ಕೊಬ್ಬರಿ ವಿಮಾನದ ಅಪಾಯಕಾರಿ ಸರಕಿನ ಪಟ್ಟಿಯಲ್ಲಿದೆ. ವಾಪಸ್ ಬರುವಾಗ ಹವಳದ ಚೂರು ಹೆಕ್ಕಿ ತರುವುದೂ ಕಾನೂನಿಗೆ ವಿರುದ್ಧ.

ಐದು ಜನ ಅನ್ನುವುದೇ ಒಂದು ತೊಡಕು. ಪ್ಯಾಕೇಜ್ ಕಾರಿನಲ್ಲಿ ನಾಲ್ಕು ಜನಕ್ಕೆ ಜಾಗ, ಎರಡು ರೂಮಿನಲ್ಲಿ ಒಬ್ಬರಿಗೆ ನೆಲದ ಹಾಸಿಗೆ. ದಿನಾ ಒಬ್ಬನೇ ಅದರಲ್ಲಿ ಮಲಗಿದರೆ ಮೂರನೇ ದಿನ ಮುಖ ಊದಿಕೊಳ್ಳುತ್ತದೆ. ದೊಡ್ಡ ಕಾರು, ಮೂರು ರೂಮು ಕೇಳಿ, ಬಾರಾಟಾಂಗ್, ನೀಲ್ ಬಿಟ್ಟ ದುಡ್ಡು ಅದಕ್ಕೇ ಸಾಕಾಗಬಹುದು. ಏಜೆಂಟ್‌ಗೆ ಹಣ ಕಟ್ಟುವ ಮುಂಚೆ ಇಷ್ಟನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ: ಯಾವ ಹಡಗು, ಯಾವ ದರ್ಜೆ, ಡೈವ್ ಖರ್ಚು ಒಳಗಾ ಹೊರಗಾ, ಡಾಕ್ಟರ್ ಬೇಡ ಅಂದರೆ ಆ ದುಡ್ಡು ವಾಪಸ್ಸಾ, ಹಡಗು ರದ್ದಾದರೆ ಹೆಚ್ಚುವರಿ ರಾತ್ರಿಯ ಹೋಟೆಲ್ ಬಿಲ್ ಯಾರ ತಲೆ ಮೇಲೆ. ಕೊನೆಯದಕ್ಕೆ 'ಆಮೇಲೆ ನೋಡೋಣ ಸಾರ್' ಅಂತ ಬಂದರೆ ಬೇರೆ ಏಜೆಂಟ್ ನೋಡಿ.